ಎತ್ತರಿಸಿದ ವಾಹನಕ್ಕೆ ಟ್ರೈಲರ್ ಹಿಚ್ ಎಷ್ಟು ಎತ್ತರದಲ್ಲಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಲಿಫ್ಟ್ ಕಿಟ್ ಹಾಕಿ, ದೊಡ್ಡ ಟೈರ್ ಏರಿಸಿದ ಮೇಲೆ ಹಳೆಯ ಬಾಲ್ ಮೌಂಟ್‌ಗೇ (ಟ್ರೈಲರ್ ಸಿಕ್ಕಿಸುವ ಗುಂಡು, ಅಂದರೆ ಬಾಲ್, ಕೂತಿರುವ ಗಾಡಿಯ ಹಿಂದಿನ ತುಂಡು) ಟ್ರೈಲರ್ ಸಿಕ್ಕಿಸಿದರೆ ಟ್ರೈಲರ್‌ನ ಮೂತಿ ಆಕಾಶ ನೋಡುತ್ತದೆ, ಹಿಂಬದಿ ನೆಲದ ಕಡೆ ಜಗ್ಗುತ್ತದೆ. ನೋಡಲು ಅಸಹ್ಯ ಎನ್ನುವುದು ಇಲ್ಲಿ ಚಿಕ್ಕ ತೊಂದರೆ. ವೇಗ ಹೆಚ್ಚಿದಾಗ ಟ್ರೈಲರ್ ಅಡ್ಡಡ್ಡ ಓಲಾಡತೊಡಗುವುದು ದೊಡ್ಡದು. ಯಾವ ಅಳತೆ ತೆಗೆಯಬೇಕು, ಯಾವ ಭಾಗ ಕೊಳ್ಳಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ನನ್ನ ಗಾಡಿಗೆ 6 ಇಂಚಿನ ಲಿಫ್ಟ್ ಆಗಿದೆ. 6 ಇಂಚಿನ ಡ್ರಾಪ್ ಇರುವ, ಅಂದರೆ ಬಾಲನ್ನು ಅಷ್ಟು ಕೆಳಗಿಳಿಸುವ ಮೌಂಟ್ ತಂದರೆ ಸಾಲದೇ?

ಬಹುತೇಕ ಸಾಲುವುದಿಲ್ಲ. ಎಲ್ಲರೂ ಮೊದಲು ಮಾಡುವ ತಪ್ಪು ಇದೇ. ಕಿಟ್‌ನ ಡಬ್ಬದ ಮೇಲೆ ಬರೆದ ಅಂಕಿಗೂ ನಿಮಗೆ ಬೇಕಾದ ಡ್ರಾಪ್‌ಗೂ ನೇರ ಸಂಬಂಧ ಇಲ್ಲ. ಕಾರಣಗಳು ಒಂದೆರಡಲ್ಲ.

ಕಾರ್ಖಾನೆಯಿಂದ ಬಂದಾಗಲೇ ಅನೇಕ ಪಿಕಪ್‌ಗಳಿಗೆ 2ರಿಂದ 4 ಇಂಚಿನ ಡ್ರಾಪ್ ಬೇಕಿರುತ್ತದೆ. ಲಿಫ್ಟ್ ಏನಿದ್ದರೂ ಅದರ ಮೇಲೆ ಕೂಡುತ್ತದೆ. ಟೈರ್ ಬದಲಾಗಿದ್ದರೆ ಅದರದೂ ಒಂದು ಪಾಲು: 32 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿದರೆ ವ್ಯಾಸ 3 ಇಂಚು ಹೆಚ್ಚಾಯಿತು, ಗಾಡಿ ಏರುವುದು ಅದರ ಅರ್ಧ, ಅಂದರೆ ಒಂದೂವರೆ ಇಂಚು.

ಇನ್ನು ಲಿಫ್ಟ್ ಯಾವ ಬಗೆಯದು ಎಂಬುದನ್ನು ನೋಡಬೇಕು. ಸಸ್ಪೆನ್ಷನ್ ಲಿಫ್ಟ್ ಆದರೆ ಚಾಸಿಯೇ ಮೇಲೆ ಹೋಗುತ್ತದೆ, ಅದಕ್ಕೆ ಬೋಲ್ಟ್ ಆಗಿರುವ ರಿಸೀವರ್ (ಬಾಲ್ ಮೌಂಟ್ ತೂರುವ ಕೊಳವೆ) ಕೂಡ ಜೊತೆಗೆ ಏರುತ್ತದೆ. ಬಾಡಿ ಲಿಫ್ಟ್‌ನಲ್ಲಿ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಬಿಲ್ಲೆ ಇಟ್ಟು ಬಾಡಿಯನ್ನಷ್ಟೇ ಎತ್ತಿರುತ್ತಾರೆ. ರಿಸೀವರ್ ಇದ್ದಲ್ಲೇ ಇರುತ್ತದೆ, ಹಳೆಯ ಮೌಂಟೇ ಸಾಕು. ಲೆವೆಲಿಂಗ್ ಕಿಟ್ ಮುಂಭಾಗವನ್ನು ಮಾತ್ರ ಎತ್ತುತ್ತದೆ, ಹಿಂದಿನ ಎತ್ತರ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ. ಎಷ್ಟೋ ಕಿಟ್‌ಗಳಲ್ಲಿ ಮುಂದೆ 6 ಇಂಚು, ಹಿಂದೆ 4 ಇಂಚು ಎಂದು ಬೇರೆ ಬೇರೆ ಇರುತ್ತದೆ. ನಮಗೆ ಬೇಕಾದ್ದು ಹಿಂದಿನದು ಮಾತ್ರ.

ಹಾಗಾಗಿ ಡಬ್ಬ ಪಕ್ಕಕ್ಕಿಟ್ಟು ಟೇಪು ಹಿಡಿಯಿರಿ.

ಡ್ರಾಪ್, ರೈಸ್ ಅಂದರೆ ಎಲ್ಲಿಂದ ಎಲ್ಲಿಗೆ ಅಳೆಯುವುದು?

ರಿಸೀವರ್ ಎಂದರೆ ಗಾಡಿಯ ಹಿಂದೆ ಚಾಸಿಗೆ ಕೂತಿರುವ ಚೌಕ ಕೊಳವೆ. ಅದರೊಳಗೆ ತೂರುವ ಬಾಲ್ ಮೌಂಟ್‌ನ ಚೌಕ ದಿಂಡು ಶ್ಯಾಂಕ್. ಬಾಲ್ ಕೂರುವ ಚಪ್ಪಟೆ ಭಾಗ ಪ್ಲಾಟ್‌ಫಾರ್ಮ್. ಶ್ಯಾಂಕ್‌ನ ಮೇಲ್ಮೈಯಿಂದ ಪ್ಲಾಟ್‌ಫಾರ್ಮ್‌ನ ಮೇಲ್ಮೈವರೆಗೆ ಕೆಳಮುಖವಾಗಿ ಇರುವ ಅಂತರವೇ ಡ್ರಾಪ್. ಪ್ಲಾಟ್‌ಫಾರ್ಮ್ ಶ್ಯಾಂಕ್‌ಗಿಂತ ಮೇಲಿದ್ದರೆ ಅದು ರೈಸ್. ಇದನ್ನು ಹಲವು ತಯಾರಕರು ಶ್ಯಾಂಕ್‌ನ ಮೇಲಿನಿಂದ ಹೇಳುತ್ತಾರೆ, ಕೆಲವರು ಶ್ಯಾಂಕ್‌ನ ತಳದಿಂದ. 2 ಇಂಚಿನ ಶ್ಯಾಂಕ್ ಆದರೆ ಎರಡರ ನಡುವೆ ಪೂರ್ತಿ 2 ಇಂಚಿನ ವ್ಯತ್ಯಾಸ. ಕೊಳ್ಳುವ ಮುನ್ನ ಅವರ ಚಿತ್ರದಲ್ಲಿ ಬಾಣದ ಗುರುತು ಎಲ್ಲಿಂದ ಹೊರಟಿದೆ ನೋಡಿಕೊಳ್ಳಿ.

ಸರಿಯಾದ ಅಳತೆ ತೆಗೆಯುವುದು ಹೇಗೆ?

ಎರಡೇ ಅಳತೆ, ಒಂದು ಕಳೆಯುವ ಲೆಕ್ಕ. ಆದರೆ ಅಳತೆ ತೆಗೆಯುವಾಗ ಗಾಡಿ, ಟ್ರೈಲರ್ ಎರಡೂ ಯಾವ ಸ್ಥಿತಿಯಲ್ಲಿದ್ದವು ಎಂಬುದರ ಮೇಲೆ ಫಲ ನಿಂತಿದೆ.

1. ಸಮತಟ್ಟಾದ ಗಟ್ಟಿ ನೆಲ ಹುಡುಕಿ. ಕಾಂಕ್ರೀಟ್ ನೆಲವೆಂದು ಕುರುಡಾಗಿ ನಂಬಬೇಡಿ, ನೀರು ಹರಿಯಲೆಂದು ಇಳಿಜಾರು ಬಿಟ್ಟಿರುತ್ತಾರೆ. ರಸಮಟ್ಟ ಇಟ್ಟು ನೋಡಿ.
2. ಗಾಡಿಯ ಟೈರ್‌ಗಳಿಗೆ ಎಳೆಯುವಾಗ ಇಡುವಷ್ಟೇ ಗಾಳಿ ತುಂಬಿ. ಪ್ರಯಾಣದಲ್ಲಿ ಒಯ್ಯುವ ಸಾಮಾನು ಒಳಗಿರಲಿ, ಟ್ಯಾಂಕ್ ತುಂಬಿರಲಿ. ಏರ್ ಸಸ್ಪೆನ್ಷನ್ ಇದ್ದರೆ ಅದನ್ನು ಮಾಮೂಲಿ ಓಟದ ಎತ್ತರಕ್ಕೆ ತನ್ನಿ. ನಿಲ್ಲಿಸಿದಾಗ ತಗ್ಗಿ ಕೂರುವ ಗಾಡಿಗಳಿವೆ.
3. ನೆಲದಿಂದ ರಿಸೀವರ್ ಕೊಳವೆಯ ಒಳಗಿನ ಮೇಲ್ಮೈವರೆಗೆ ಅಳೆಯಿರಿ. ಹೊರಗಿನ ಅಂಚಿಗೆ ಅಳೆದರೆ ಕೊಳವೆಯ ದಪ್ಪವೂ ಬಾಯಿಗೆ ಬೆಸುಗೆ ಹಾಕಿದ ಪಟ್ಟಿಯೂ ಸೇರಿ ಅರ್ಧದಿಂದ ಮುಕ್ಕಾಲು ಇಂಚು ತಪ್ಪುತ್ತದೆ. ಈ ಅಳತೆಯನ್ನು ‘ರಿಸೀವರ್’ ಎಂದು ಬರೆದಿಟ್ಟುಕೊಳ್ಳಿ.
4. ಟ್ರೈಲರ್‌ಗೆ ಎಂದಿನ ಹೊರೆ ಹೇರಿ. ಜಾಕ್ ತಿರುಗಿಸಿ ಅದನ್ನು ಮಟ್ಟ ಮಾಡಿ. ಮುಂದಿನ ಮೂಲೆಯಲ್ಲೂ ಹಿಂದಿನ ಮೂಲೆಯಲ್ಲೂ ಚೌಕಟ್ಟಿನ ತಳದಿಂದ ನೆಲಕ್ಕೆ ಟೇಪು ಹಿಡಿದಾಗ ಒಂದೇ ಅಂಕಿ ಬರಬೇಕು. ಗಿಡ್ಡ ರಸಮಟ್ಟಕ್ಕಿಂತ ಇದೇ ಹೆಚ್ಚು ನಂಬಿಕಸ್ಥ.
5. ಕಪ್ಲರ್ ಎಂದರೆ ಟ್ರೈಲರ್ ಮೂತಿಯಲ್ಲಿ ಬಾಲ್ ಮೇಲೆ ಕೂತು ಬೀಗ ಬೀಳುವ ಭಾಗ. ನೆಲದಿಂದ ಅದರ ಕೆಳ ಅಂಚಿನವರೆಗೆ ಅಳೆಯಿರಿ. ಇದು ‘ಕಪ್ಲರ್’.

ರಿಸೀವರ್ ಅಳತೆಯಿಂದ ಕಪ್ಲರ್ ಅಳತೆ ಕಳೆಯಿರಿ. ಉತ್ತರ ಧನವಾಗಿದ್ದರೆ ಡ್ರಾಪ್ ಬೇಕು, ಋಣವಾಗಿದ್ದರೆ ರೈಸ್.

ಒಂದು ಲೆಕ್ಕ ಮಾಡಿ ತೋರಿಸಿ.

ಖಾಲಿ ಪಿಕಪ್‌ನ ರಿಸೀವರ್ 29½ ಇಂಚು ಇದೆ ಎನ್ನಿ. ಸಾಮಾನು ತುಂಬಿದ ಮೇಲೆ 29. ಟ್ರೈಲರ್ ಮಟ್ಟವಾಗಿ ನಿಂತಾಗ ಕಪ್ಲರ್ 18½. ಇಷ್ಟಕ್ಕೇ ಕಳೆದರೆ 10½. ಆದರೆ ಟ್ರೈಲರ್‌ನ ಭಾರ ಬಾಲ್ ಮೇಲೆ ಬಿದ್ದಾಗ ಗಾಡಿಯ ಹಿಂಬದಿ ಇನ್ನೊಂದು ಇಂಚು ಕೂರುತ್ತದೆ. ರಿಸೀವರ್ 28ಕ್ಕೆ ಇಳಿಯಿತು, ಬೇಕಾದ ಡ್ರಾಪ್ 9½ ಆಯಿತು.

8 ಇಂಚಿನ ಮೌಂಟ್ ಹಾಕಿದರೆ ಪ್ಲಾಟ್‌ಫಾರ್ಮ್ 20 ಇಂಚಿನಲ್ಲಿ ನಿಲ್ಲುತ್ತದೆ, ಒಂದೂವರೆ ಇಂಚು ಹೆಚ್ಚು. ಅದು ಬೇಡ. 10 ಇಂಚಿನದು ಹಾಕಿದರೆ 18ರಲ್ಲಿ ನಿಲ್ಲುತ್ತದೆ, ಅರ್ಧ ಇಂಚು ತಗ್ಗು. ಅದೇ ಸರಿ. ಏಕೆಂದರೆ ಕಪ್ಲರ್‌ನ ಕೆಳ ಅಂಚು ಪ್ಲಾಟ್‌ಫಾರ್ಮ್ ಮೇಲೆ ಕೂರುವುದಿಲ್ಲ, ನಡುವೆ ಬಾಲ್‌ನ ಬುಡ ಮತ್ತು ಕತ್ತಿನಷ್ಟು ಸಂದು ಉಳಿಯುತ್ತದೆ. ಆ ಸಂದು ನಮ್ಮ ಅರ್ಧ ಇಂಚನ್ನು ತುಂಬಿಕೊಡುತ್ತದೆ. ಲೆಕ್ಕ ಎರಡು ಅಳತೆಗಳ ನಡುವೆ ಬಿದ್ದರೆ ಯಾವಾಗಲೂ ಹೆಚ್ಚು ಡ್ರಾಪ್ ಇರುವುದನ್ನೇ ಆರಿಸಿ. ಒಂದು ಎಚ್ಚರಿಕೆ: ಕತ್ತು ಉದ್ದ ಇರುವ ಬಾಲ್‌ಗಳೂ ಸಿಗುತ್ತವೆ. ಅವು ಎತ್ತರವನ್ನು ಇನ್ನಷ್ಟು ಏರಿಸುತ್ತವೆ, ಲಿಫ್ಟ್ ಆದ ಗಾಡಿಗೆ ಅವು ಬೇಕಿಲ್ಲ.

ಹಿಂಬದಿ ಎಷ್ಟು ಕೂರುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?

ಬಾಲ್ ಮೇಲೆ ಬೀಳುವ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಬಾಲ್‌ಗೆ ಸಿಕ್ಕಿಸುವ ಮಾಮೂಲಿ ಟ್ರೈಲರ್‌ಗೆ ಅದು ಹೊರೆ ಸೇರಿದ ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕೆಂಬುದು ಅಮೆರಿಕದ ಪದ್ಧತಿಯ ಟ್ರೈಲರ್‌ಗಳಲ್ಲಿ ರೂಢಿ. 2,000 ಕೆ.ಜಿ. ಟ್ರೈಲರ್ ಆದರೆ 200ರಿಂದ 300 ಕೆ.ಜಿ. ಯುರೋಪಿನ ಟ್ರೈಲರ್‌ಗಳನ್ನು ಇದಕ್ಕಿಂತ ಕಡಿಮೆ ಮುಂಭಾರಕ್ಕೆ ಕಟ್ಟಿರುತ್ತಾರೆ, ಅಲ್ಲಿ ತಯಾರಕರ ಮಿತಿಯೇ ಪ್ರಮಾಣ.

ಅಷ್ಟೇ ತೂಕವನ್ನು ಪಿಕಪ್‌ನ ತೀರಾ ಹಿಂದಿನ ಅಂಚಿಗೆ ಹೇರಿ, ಇಲ್ಲವೇ ಅಷ್ಟು ತೂಕದ ಜನರನ್ನು ಬಂಪರ್ ಮೇಲೆ ನಿಲ್ಲಿಸಿ, ರಿಸೀವರ್ ಎತ್ತರ ಮತ್ತೆ ಅಳೆಯಿರಿ. ಬಾಲ್ ಇದಕ್ಕಿಂತ ಹಿಂದೆ ಇರುವುದರಿಂದ ನಿಜವಾದ ಇಳಿತ ಸ್ವಲ್ಪ ಹೆಚ್ಚೇ ಇರುತ್ತದೆ. ಲಿಫ್ಟ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿದ್ದರೆ ಇಳಿತ ಕಡಿಮೆ. ಹಿಂದಿನ ಆಕ್ಸಲ್ ಮೇಲೆ ಬರೀ ಬ್ಲಾಕ್ ಇಟ್ಟು ಎತ್ತಿದ್ದರೆ ಸ್ಪ್ರಿಂಗ್ ಹಳೆಯದೇ, ಇಳಿತವೂ ಮೊದಲಿನಷ್ಟೇ.

ಟಂಗ್ ವೇಟ್ ತೂಗಲು ಮನೆಯ ತಕ್ಕಡಿಯೂ ಆದೀತು. ಗಟ್ಟಿ ಮರದ ತೊಲೆಯ ಒಂದು ತುದಿಗೆ ಕಬ್ಬಿಣದ ಪೈಪಿನ ಆಧಾರ ಕೊಡಿ, ಇನ್ನೊಂದು ತುದಿ ತಕ್ಕಡಿಯ ಮೇಲಿರಲಿ. ಪೈಪಿನಿಂದ 1 ಅಡಿ, ತಕ್ಕಡಿಯಿಂದ 2 ಅಡಿ ದೂರದಲ್ಲಿ ಕಪ್ಲರ್‌ನ ಭಾರ ಬೀಳುವಂತೆ ಇಳಿಸಿ. ತಕ್ಕಡಿ ತೋರಿಸಿದ್ದನ್ನು 3ರಿಂದ ಗುಣಿಸಿ. ತಕ್ಕಡಿ 80 ಅಂದರೆ ಟಂಗ್ ವೇಟ್ 240 ಕೆ.ಜಿ. ಟ್ರೈಲರ್‌ನ ಗಾಲಿಗಳಿಗೆ ಅಡ್ಡಗಟ್ಟೆ ಇಟ್ಟಿರಬೇಕು, ತೂಗುವಾಗ ಟ್ರೈಲರ್ ಮಟ್ಟವಾಗಿ ನಿಂತಿರಬೇಕು.

ಮೂತಿ ಸ್ವಲ್ಪ ಮೇಲಿದ್ದರೆ ಏನಾಗುತ್ತದೆ? ತಗ್ಗಿದ್ದರೆ?

ಎರಡೂ ತಪ್ಪೇ, ಆದರೆ ಸಮನಾದ ತಪ್ಪಲ್ಲ. ಮೂತಿ ಮೇಲೆದ್ದಾಗ ಹೊರೆಯ ಭಾರ ಹಿಂದಕ್ಕೆ ಜರುಗುತ್ತದೆ, ಟಂಗ್ ವೇಟ್ ಇಳಿಯುತ್ತದೆ. ನೀರಿನ ಟ್ಯಾಂಕ್, ಕಟ್ಟದ ಸಾಮಾನು ಇದ್ದರಂತೂ ಇನ್ನೂ ಹೆಚ್ಚು. ಹಿಂಭಾರವಾದ ಟ್ರೈಲರ್ ಒಂದು ಗಾಳಿಯ ಹೊಡೆತಕ್ಕೋ ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಲೋ ಬಾಲ ಅಲ್ಲಾಡಿಸಲು ಶುರು ಮಾಡಿದರೆ ತಾನಾಗಿ ನಿಲ್ಲುವುದಿಲ್ಲ. ಹಿಂಬದಿಯ ಬಂಪರ್, ರಾಂಪು, ಕೊಳಾಯಿಗಳು ಏರುದಾರಿಯ ಬುಡದಲ್ಲಿ ಉಜ್ಜಿಕೊಳ್ಳುವುದು ಇದರ ಮೇಲಿನ ಬಡ್ಡಿ.

ಮೂತಿ ತಗ್ಗಿದರೆ ಓಟ ಸ್ಥಿರವಾಗೇ ಇರುತ್ತದೆ, ಆದರೆ ಜಾಕ್‌ನ ಪಾದ ನೆಲಕ್ಕೆ ಹತ್ತಿರವಾಗುತ್ತದೆ, ಗಾಡಿಯ ಹಿಂದಿನ ಆಕ್ಸಲ್‌ಗೆ ಹೊರೆ ಹೆಚ್ಚುತ್ತದೆ. ಎರಡು ಆಕ್ಸಲ್ ಇರುವ ಟ್ರೈಲರ್‌ನಲ್ಲಿ ಮುಂದಿನ ಆಕ್ಸಲ್ ಹೆಚ್ಚು ಹೊರಬೇಕಾಗುತ್ತದೆ.

ಇದರಲ್ಲೂ ಸ್ಪ್ರಿಂಗ್ ಯಾವುದು ಎಂಬುದು ಮುಖ್ಯ. ಲೀಫ್ ಸ್ಪ್ರಿಂಗ್ ಇರುವಲ್ಲಿ ಎರಡು ಸ್ಪ್ರಿಂಗ್‌ಗಳ ನಡುವೆ ತೊನೆದಾಡುವ ಈಕ್ವಲೈಸರ್ ಇರುತ್ತದೆ. ಅದು ಒಂದು ಮಿತಿಯವರೆಗೆ ಹೊರೆಯನ್ನು ಎರಡೂ ಆಕ್ಸಲ್‌ಗಳಿಗೆ ಹಂಚುತ್ತದೆ. ರಬ್ಬರಿನ ತಿರುಚುವಿಕೆಯೇ ಸ್ಪ್ರಿಂಗ್‌ನ ಕೆಲಸ ಮಾಡುವ ಟಾರ್ಷನ್ ಆಕ್ಸಲ್‌ಗಳಲ್ಲಿ ಅದಿಲ್ಲ, ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಕೆಲಸ ಮಾಡುತ್ತವೆ. ಕಪ್ಲರ್‌ನಿಂದ ಆಕ್ಸಲ್‌ಗಳಿಗೆ 4 ಮೀಟರ್, ಆಕ್ಸಲ್‌ಗಳ ನಡುವೆ 85 ಸೆಂ.ಮೀ. ಇದ್ದು ಕಪ್ಲರ್ 10 ಸೆಂ.ಮೀ. ತಗ್ಗಾಗಿದ್ದರೆ, ಮುಂದಿನ ಆಕ್ಸಲ್ ಇರುವ ಜಾಗದಲ್ಲಿ ಚೌಕಟ್ಟು ಹಿಂದಿನದಕ್ಕಿಂತ ಸುಮಾರು 2 ಸೆಂ.ಮೀ. ಕೆಳಗಿರುತ್ತದೆ. ಟಾರ್ಷನ್ ಆಕ್ಸಲ್‌ನ ರಬ್ಬರಿಗೆ 2 ಸೆಂ.ಮೀ. ಸಣ್ಣದಲ್ಲ. ಮುಂದಿನ ಟೈರ್ ಬಿಸಿಯಾಗಿ ಬೇಗ ಸವೆಯುವುದು, ಸಿಡಿಯುವುದು ಇದರಿಂದಲೇ.

ಗುರಿ: ಹೊರೆ ಹೇರಿ ಸಿಕ್ಕಿಸಿದಾಗ ಮಟ್ಟ. ಆಗದಿದ್ದರೆ ಒಂದು ಇಂಚಿನೊಳಗೆ ಮೂತಿ ತಗ್ಗಿರಲಿ. ಮೇಲೆ ಮಾತ್ರ ಬೇಡ.

ಎಷ್ಟು ಉದ್ದದ ಡ್ರಾಪ್‌ವರೆಗೆ ಹೋಗಬಹುದು?

ಮಾರುಕಟ್ಟೆಯಲ್ಲಿ 10, 12 ಇಂಚು, ಅದಕ್ಕೂ ಮೇಲಿನದು ಸಿಗುತ್ತದೆ. ಸಿಗುತ್ತದೆ ಎಂದ ಮಾತ್ರಕ್ಕೆ ಹಾಕಬೇಕೆಂದಿಲ್ಲ. ಡ್ರಾಪ್ ಉದ್ದವಾದಷ್ಟೂ ಅದು ಸನ್ನೆಗೋಲಿನಂತೆ ರಿಸೀವರನ್ನು ತಿರುಚುತ್ತದೆ.

ಲೆಕ್ಕ ಹಾಕಿ ನೋಡೋಣ. 3,000 ಕೆ.ಜಿ. ಟ್ರೈಲರ್, ಟಂಗ್ ವೇಟ್ 350 ಕೆ.ಜಿ., ಬಾಲ್ ರಿಸೀವರ್ ಪಿನ್‌ನಿಂದ 25 ಸೆಂ.ಮೀ. ಹಿಂದೆ ಇದೆ. ನಿಂತಾಗ ತಿರುಚುವ ಬಲ 350ಕ್ಕೆ 0.25 ಗುಣಿಸಿ ಸುಮಾರು 88 ಕಿಲೋಗ್ರಾಂ ಮೀಟರ್. ಈಗ ಟ್ರೈಲರ್‌ನ ಬ್ರೇಕ್ ಕೆಲಸ ಮಾಡುತ್ತಿಲ್ಲ, ನೀವು ಗುರುತ್ವದ 0.3 ಪಾಲಿನಷ್ಟು ಜೋರಾಗಿ ಬ್ರೇಕ್ ಒತ್ತಿದಿರಿ. ಟ್ರೈಲರ್ ಹಿಂದಿನಿಂದ 900 ಕೆ.ಜಿ. ಬಲದಿಂದ ನೂಕುತ್ತದೆ. ಡ್ರಾಪ್ 25 ಸೆಂ.ಮೀ., ಅಂದರೆ ಹತ್ತಿರ ಹತ್ತಿರ 10 ಇಂಚು ಇದ್ದರೆ ಆ ನೂಕು ಇನ್ನೂ 225 ಸೇರಿಸುತ್ತದೆ. ಎರಡೂ ಒಂದೇ ದಿಕ್ಕಿಗೆ ತಿರುಚುವುದರಿಂದ ಒಟ್ಟು 313, ನಿಂತಾಗಿನದರ ಮೂರೂವರೆ ಪಟ್ಟು. ಡ್ರಾಪ್ 10 ಸೆಂ.ಮೀ. ಇದ್ದಿದ್ದರೆ 178ಕ್ಕೆ ನಿಲ್ಲುತ್ತಿತ್ತು.

ಹಾಗಾಗಿ ಮೌಂಟ್‌ಗಳ ಮೇಲೆ ಡ್ರಾಪ್ ಹೆಚ್ಚಾದಂತೆ ತೂಕದ ಮಿತಿ ಇಳಿಸಿ ಬರೆದಿರುವುದನ್ನು ಕಾಣುತ್ತೀರಿ. ನಮ್ಮ ಅಭಿಪ್ರಾಯ ಇಷ್ಟು: 8 ಇಂಚಿನವರೆಗೆ ಸರಿಯಾದ ಮಿತಿಯ ಮೌಂಟ್ ಇದ್ದರೆ ಚಿಂತೆಯಿಲ್ಲ. 10 ದಾಟಿತೆಂದರೆ ಗಾಡಿಯ ಕಡೆಯಿಂದಲೇ ಎಲ್ಲವನ್ನೂ ಸರಿಪಡಿಸುವ ಹಟ ಬಿಟ್ಟು ಟ್ರೈಲರ್ ಎತ್ತರಿಸಲು ಬರುತ್ತದೆಯೇ ನೋಡಿ. ಟ್ರೈಲರ್‌ಗೆ ಬ್ರೇಕ್ ಇಲ್ಲದಿದ್ದರೆ ಉದ್ದ ಡ್ರಾಪ್ ಬೇಡವೇ ಬೇಡ.

ತೂಕದ ಮಿತಿ ಯಾವುದನ್ನು ನೋಡಬೇಕು?

ಗಾಡಿ, ರಿಸೀವರ್, ಬಾಲ್ ಮೌಂಟ್, ಬಾಲ್, ಕಪ್ಲರ್, ಚೈನು: ಎಲ್ಲಕ್ಕೂ ಒಂದೊಂದು ಮಿತಿ ಇದೆ, ಎಲ್ಲಕ್ಕಿಂತ ಚಿಕ್ಕದೇ ನಿಮ್ಮ ಮಿತಿ. ದೊಡ್ಡ ಮೌಂಟ್ ಹಾಕಿದ್ದರಿಂದ ಸಣ್ಣ ರಿಸೀವರ್‌ನ ಶಕ್ತಿ ಹೆಚ್ಚುವುದಿಲ್ಲ. ಬಂಪರ್‌ನ ತೂತಿಗೇ ಬಾಲ್ ಹಾಕುವ ಗಾಡಿಗಳಲ್ಲಿ ಉದ್ದ ಡ್ರಾಪ್‌ನ ಯೋಚನೆಯನ್ನೇ ಬಿಡಿ.

ಸ್ಥಿರ ಮೌಂಟ್ ಒಳ್ಳೆಯದೋ, ಎತ್ತರ ಬದಲಾಯಿಸುವುದೋ?

ಒಂದೇ ಟ್ರೈಲರ್, ಹೊರೆಯೂ ಹೆಚ್ಚು ಬದಲಾಗುವುದಿಲ್ಲ ಎಂದಾದರೆ ಬೆಸುಗೆ ಹಾಕಿದ ಸ್ಥಿರ ಮೌಂಟ್ ಸಾಕು. ಸದ್ದು ಕಡಿಮೆ, ಸವೆಯುವ ಕೀಲುಗಳಿಲ್ಲ. ಆದರೆ ಲಿಫ್ಟ್ ಆದ ಗಾಡಿಯವರಿಗೆ ನಾವು ಹೇಳುವುದು ಎತ್ತರ ಬದಲಾಯಿಸಲು ಬರುವುದನ್ನೇ. ಟೈರ್ ಬದಲಾಗುತ್ತದೆ, ಸ್ಪ್ರಿಂಗ್ ಕೂರುತ್ತದೆ, ದೋಣಿಯ ಟ್ರೈಲರ್ ಒಂದು ಎತ್ತರ, ಸಾಮಾನಿನದು ಇನ್ನೊಂದು. ಸಾಮಾನ್ಯವಾಗಿ ಇಂಚಿಗೊಂದರಂತೆ ತೂತುಗಳಿರುತ್ತವೆ. ಎರಡು ಪಿನ್ ತೆಗೆದು, ಬಾಲ್ ಇರುವ ತಲೆಯನ್ನು ಏರಿಸಿಯೋ ಇಳಿಸಿಯೋ ಪಿನ್ ಮತ್ತೆ ಹಾಕಬೇಕು.

ಎಡವುವ ಜಾಗ ಒಂದೇ: ಅತಿ ತಗ್ಗಿನ ಎತ್ತರ ಬೇಕೆಂದು ತಲೆಯನ್ನು ತೀರಾ ಕೆಳಗಿಳಿಸಿ, ಒಂದೇ ಪಿನ್ ಪೂರ್ತಿ ಕೂತು ಇನ್ನೊಂದು ಹೊರಗೆ ಉಳಿಯುವುದು. ಎರಡೂ ಪಿನ್ ಎರಡೂ ಕಡೆಯ ಕಿವಿಗಳನ್ನು ದಾಟಿ ಹೊರಬಂದಿರಬೇಕು, ಕ್ಲಿಪ್ ಬಿದ್ದಿರಬೇಕು. ಅಷ್ಟು ತಗ್ಗು ಸಿಗದಿದ್ದರೆ ಇನ್ನೂ ಉದ್ದದ ಮೌಂಟ್ ಬೇಕು ಎಂದರ್ಥ. ಅಲ್ಯೂಮಿನಿಯಂ ಮೌಂಟ್ ಹಗುರ, ತೆಗೆದು ಹಾಕಲು ಸುಲಭ. ಉಕ್ಕಿನ ರಿಸೀವರ್ ಒಳಗೆ ಬಿಟ್ಟರೆ ಕಿಲುಬು ಹಿಡಿದು ಕಚ್ಚಿಕೊಳ್ಳುತ್ತದೆ, ಶ್ಯಾಂಕ್‌ಗೆ ತೆಳುವಾಗಿ ಗ್ರೀಸ್ ಸವರಿ.

ರಿಸೀವರ್ 2½ ಇಂಚು, ಮೌಂಟ್ 2 ಇಂಚು. ನಡುವಿನ ಸಂದು ತುಂಬುವ ತೋಳು (ಸ್ಲೀವ್) ಹಾಕಿ ನಡೆಸಬಹುದೇ?

ಹಗುರ ಹೊರೆಗೆ ಆಗುತ್ತದೆ. ಆದರೆ ಸಡಿಲು ಎರಡು ಕಡೆ ಆಯಿತು: ರಿಸೀವರಿಗೂ ತೋಳಿಗೂ ನಡುವೆ ಒಂದು, ತೋಳಿಗೂ ಶ್ಯಾಂಕಿಗೂ ನಡುವೆ ಇನ್ನೊಂದು. ಉದ್ದ ಡ್ರಾಪ್ ಆ ಸಡಿಲನ್ನು ದೊಡ್ಡದು ಮಾಡಿ ತೋರಿಸುತ್ತದೆ, ಪ್ರತಿ ಗುಂಡಿಗೂ ಡಣ್ ಎನ್ನುತ್ತದೆ. 2½ ಇಂಚಿನದೇ ಮೌಂಟ್ ತಂದುಕೊಳ್ಳಿ. ಸದ್ದು ಆಮೇಲೂ ಬಂದರೆ ಶ್ಯಾಂಕನ್ನು ರಿಸೀವರ್‌ಗೆ ಬಿಗಿಯುವ ಯು ಆಕಾರದ ಬಿಗಿಪಟ್ಟಿ ಹಾಕಿ. 2 ಇಂಚಿನ ರಿಸೀವರ್‌ಗೆ ಪಿನ್ 5/8 ಇಂಚಿನದು, 1¼ ಇಂಚಿನದಕ್ಕೆ ½ ಇಂಚಿನದು. ಕೈಗೆ ಸಿಕ್ಕ ಬೋಲ್ಟ್ ತೂರಿಸಬೇಡಿ.

ಬಾಲ್ ಯಾವುದು, ಎಷ್ಟು ಬಿಗಿಯಬೇಕು?

ಕಪ್ಲರ್ ಮೇಲೆ ಕೆತ್ತಿರುವ ಅಳತೆಯದೇ ಬಾಲ್: 1⅞, 2 ಅಥವಾ 2 5/16 ಇಂಚು. ಯುರೋಪಿನ ಪದ್ಧತಿಯದು 50 ಮಿ.ಮೀ. 2 5/16ರ ಕಪ್ಲರ್ 2 ಇಂಚಿನ ಬಾಲ್ ಮೇಲೂ ಕೂತಂತೆ ಕಾಣುತ್ತದೆ, ಬೀಗವೂ ಬೀಳುತ್ತದೆ, ಮೊದಲ ದೊಡ್ಡ ಕುಲುಕಿಗೆ ಕಳಚುತ್ತದೆ. ಬಾಲ್‌ನ ತಿರುಪು ಬುಡ ಪ್ಲಾಟ್‌ಫಾರ್ಮ್‌ನ ತೂತಿಗೆ ಬಿಗಿಯಾಗಿ ಕೂರುವಂತಿರಬೇಕು. ನಟ್ ಬಿಗಿಯುವ ಮಾಮೂಲಿ ಅಂಕಿ: ¾ ಇಂಚಿನ ಬುಡಕ್ಕೆ 160 ಅಡಿ ಪೌಂಡ್, ಅಂದರೆ ಸುಮಾರು 217 ನ್ಯೂಟನ್ ಮೀಟರ್. 1 ಇಂಚಿಗೆ 250, ಸುಮಾರು 339. 1¼ ಇಂಚಿಗೆ 450, ಸುಮಾರು 610. ನಿಮ್ಮ ಬಾಲ್‌ನ ಜೊತೆ ಬಂದ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. 450 ಅಡಿ ಪೌಂಡ್ ಸಾಮಾನ್ಯ ಸ್ಪ್ಯಾನರ್‌ಗೆ ದಕ್ಕುವುದಿಲ್ಲ, ದೊಡ್ಡ ಟಾರ್ಕ್ ರೆಂಚ್ ಬೇಕು.

ಮಾಮೂಲಿ ಡ್ರಾಪ್ ಮೌಂಟನ್ನು ಮಗುಚಿ ಹಾಕಿದರೆ ರೈಸ್ ಆಗುತ್ತದೆಯೇ?

ಆಗುತ್ತದೆ, ಅಂಕಿ ಮಾತ್ರ ಅದೇ ಇರುವುದಿಲ್ಲ. 4 ಇಂಚಿನ ಡ್ರಾಪ್ ಮಗುಚಿದರೆ 2¾ ಇಂಚಿನ ರೈಸ್ ಸಿಗುತ್ತದೆ. ಪ್ಲಾಟ್‌ಫಾರ್ಮ್‌ನ ಮುಕ್ಕಾಲು ಇಂಚಿನ ದಪ್ಪ ಕೂಡುತ್ತದೆ, ಶ್ಯಾಂಕ್‌ನ 2 ಇಂಚು ಕಳೆಯುತ್ತದೆ. ಇದು ಬೇಕಾಗುವುದು ಎತ್ತರದ ಟ್ರೈಲರನ್ನು ಲಿಫ್ಟ್ ಆಗದ ಗಾಡಿ ಎಳೆಯುವಾಗ.

ಬಿಡಿ ಚಕ್ರ ಅಡ್ಡ ಬರುತ್ತದೆ. ರಿಸೀವರ್‌ಗೆ ಎಕ್ಸ್‌ಟೆನ್ಷನ್ ಹಾಕಿ ಆಮೇಲೆ ಡ್ರಾಪ್ ಮೌಂಟ್ ಹಾಕಲೇ?

ಬೇಡ. ಎಕ್ಸ್‌ಟೆನ್ಷನ್ ಒಂದೇ ಇದ್ದರೂ ಹಿಚ್‌ನ ಮಿತಿಯನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿ ಲೆಕ್ಕ ಹಾಕುತ್ತಾರೆ. ಅದರ ತುದಿಗೆ 10 ಇಂಚಿನ ಡ್ರಾಪ್ ತೂಗಿಬಿಟ್ಟರೆ ಹಿಂದಕ್ಕೂ ಕೆಳಕ್ಕೂ ಸನ್ನೆ ಉದ್ದವಾಯಿತು. ಮೇಲಾಗಿ ಬಾಲ್ ಹಿಂದೆ ಹೋದಷ್ಟೂ ಗಾಡಿಯ ಮುಂಗಾಲಿಗಳು ಹಗುರಾಗುತ್ತವೆ. ಶ್ಯಾಂಕೇ ಉದ್ದವಿರುವ ಮೌಂಟ್ ಸಿಗುತ್ತದೆ. ಅದೂ ಸಾಲದಿದ್ದರೆ ಬಿಡಿ ಚಕ್ರವನ್ನು ಬೇರೆಡೆಗೆ ಸರಿಸಿ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಬಾಲ್ ಮೇಲಿನ ಭಾರದ ಒಂದು ಪಾಲನ್ನು ಸ್ಪ್ರಿಂಗ್ ಬಾರ್‌ಗಳ ಮೂಲಕ ಗಾಡಿಯ ಮುಂಗಾಲಿಗಳಿಗೂ ಹಂಚುವ ಹಿಚ್) ಇದೆ. ಲಿಫ್ಟ್ ಆದ ಮೇಲೆ ಏನು ಬದಲಾಯಿಸಬೇಕು?

ತಲೆ ಹಾಗೇ ಇರಲಿ, ಶ್ಯಾಂಕ್ ಮಾತ್ರ ಉದ್ದ ಡ್ರಾಪ್‌ನದು ತರಬೇಕು. ಬಹುತೇಕ ತಯಾರಕರು ಇದನ್ನು ಬಿಡಿಯಾಗಿ ಮಾರುತ್ತಾರೆ. ಇಲ್ಲಿ ಬಾಲ್ ಎತ್ತರದ ಲೆಕ್ಕವೂ ಬೇರೆ: ಗಾಡಿ ಬಿಡಿಯಾಗಿ ನಿಂತಾಗ ಬಾಲ್‌ನ ನೆತ್ತಿ, ಮಟ್ಟವಾಗಿ ನಿಂತ ಟ್ರೈಲರ್‌ನ ಕಪ್ಲರ್ ಒಳ ಮೇಲ್ಮೈಗಿಂತ ಅರ್ಧದಿಂದ ಒಂದು ಇಂಚು ಎತ್ತರದಲ್ಲಿರಲಿ ಎಂದು ಅನೇಕ ಕೈಪಿಡಿಗಳು ಹೇಳುತ್ತವೆ. ಭಾರ ಬಿದ್ದಾಗ ಕೂರುವುದು ಅಷ್ಟೇ.

ಆಮೇಲಿನ ಹೊಂದಿಕೆ ನೋಡುವುದು ಮುಂದಿನ ಗಾಲಿಯ ಕಮಾನಿನಲ್ಲಿ. ಮೂರು ಸಲ ಅಳೆಯಿರಿ. ಟ್ರೈಲರ್ ಇಲ್ಲದೆ 950 ಮಿ.ಮೀ. ಇತ್ತು, ಸ್ಪ್ರಿಂಗ್ ಬಾರ್ ಇಲ್ಲದೆ ಸಿಕ್ಕಿಸಿದಾಗ 975ಕ್ಕೆ ಏರಿತು ಎನ್ನಿ. ಬಾರ್ ಬಿಗಿದ ಮೇಲೆ ಏರಿದ 25ರಲ್ಲಿ ಅರ್ಧವಾದರೂ ಮರಳಿ 962ರ ಸುತ್ತ ಬರಬೇಕು. ಎಷ್ಟು ಮರಳಬೇಕೆಂಬ ನಿಖರ ಅಂಕಿ ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. 950ಕ್ಕಿಂತ ಕೆಳಗೆ ಒತ್ತಬೇಡಿ. ಹಿಂಗಾಲಿಗಳು ಹಿಡಿತ ಕಳೆದುಕೊಂಡು ತಿರುವಿನಲ್ಲಿ ಜಾರುತ್ತವೆ.

ಟ್ರೈಲರನ್ನೇ ಎತ್ತರಿಸುವುದು ಹೇಗೆ?

ಲೀಫ್ ಸ್ಪ್ರಿಂಗ್ ಆಕ್ಸಲ್‌ನ ಅಡಿಯಲ್ಲಿದ್ದರೆ ಅದನ್ನು ಆಕ್ಸಲ್ ಮೇಲಕ್ಕೆ ತರಬಹುದು. ಆಕ್ಸಲ್ ಕೊಳವೆಯ ವ್ಯಾಸ, ಸ್ಪ್ರಿಂಗ್ ಕಟ್ಟಿನ ದಪ್ಪ, ಸ್ಪ್ರಿಂಗ್ ಕೂರುವ ಸೀಟಿನ ದಪ್ಪದ ಎರಡರಷ್ಟು ಸೇರಿ ಎಷ್ಟಾಗುತ್ತದೋ ಅಷ್ಟು ಟ್ರೈಲರ್ ಏರುತ್ತದೆ. 3 ಇಂಚಿನ ಕೊಳವೆಗೆ ಸುಮಾರು 5 ಇಂಚು. ನಿಮಗೆ ಬೇಕಿದ್ದ 11 ಇಂಚಿನ ಡ್ರಾಪ್ ಒಂದೇ ಏಟಿಗೆ 6ಕ್ಕೆ ಇಳಿಯಿತು.

ಆದರೆ ಆಕ್ಸಲ್ ಕೊಳವೆಯನ್ನು ಮಗುಚಬಾರದು. ಎಷ್ಟೋ ಆಕ್ಸಲ್‌ಗಳಿಗೆ ನಡುವೆ ಮೇಲ್ಮುಖವಾಗಿ ಕಣ್ಣಿಗೆ ಕಾಣದಷ್ಟು ಬಾಗು ಕೊಟ್ಟಿರುತ್ತಾರೆ, ಹೊರೆ ಬಿದ್ದಾಗ ಗಾಲಿಗಳು ನೆಟ್ಟಗಾಗಲಿ ಎಂದು. ಮಗುಚಿದರೆ ಬಾಗು ತಲೆಕೆಳಗಾಗಿ ಟೈರ್‌ನ ಒಳ ಅಂಚು ಸವೆದುಹೋಗುತ್ತದೆ. ಕೊಳವೆ ಇದ್ದ ಹಾಗೇ ಇಟ್ಟು ಅದರ ಮೇಲ್ಭಾಗಕ್ಕೆ ಹೊಸ ಸ್ಪ್ರಿಂಗ್ ಸೀಟು ಬೆಸುಗೆ ಹಾಕಬೇಕು. ಇದು ಪಳಗಿದ ವೆಲ್ಡರ್‌ನ ಕೆಲಸ. ಟಾರ್ಷನ್ ಆಕ್ಸಲ್ ಆದರೆ ಚೌಕಟ್ಟಿಗೂ ಆಕ್ಸಲ್‌ನ ಬ್ರಾಕೆಟ್‌ಗೂ ನಡುವೆ ಎತ್ತರದ ಬ್ಲಾಕ್ ಬರುತ್ತದೆ. ಎರಡರಲ್ಲೂ ಟ್ರೈಲರ್‌ನ ಭಾರಕೇಂದ್ರ ಮೇಲೇರುತ್ತದೆ, ಎತ್ತರದ ಡಬ್ಬದಂಥ ಟ್ರೈಲರ್‌ಗೆ ಅದು ಅಡ್ಡಗಾಳಿಯಲ್ಲಿ ಗೊತ್ತಾಗುತ್ತದೆ.

ಇದಕ್ಕಿಂತ ಸುಲಭದ ದಾರಿಯೊಂದಿದೆ. ಟ್ರೈಲರ್ ಮೂತಿಗೆ ತೂತುಗಳಿರುವ ಚಾನೆಲ್ ಬೆಸೆದು, ಕಪ್ಲರನ್ನು ಬೇಕಾದ ತೂತಿಗೆ ಎರಡು ಬೋಲ್ಟ್‌ನಿಂದ ಹಿಡಿಸುವುದು. ಗಾಡಿಯ ಕಡೆ ಕೆಲವು ಇಂಚು, ಇಲ್ಲಿ ಕೆಲವು ಇಂಚು ಹಂಚಿಕೊಂಡರೆ ಎರಡು ಕಡೆಯೂ ಅತಿಯಾಗುವುದಿಲ್ಲ.

ಹಿಂದಿನ ಸಸ್ಪೆನ್ಷನ್‌ಗೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿದರೆ ಡ್ರಾಪ್ ಸಮಸ್ಯೆ ಹೋಗುತ್ತದೆಯೇ?

ಕೂತ ಹಿಂಬದಿಯನ್ನು ಅದು ಎತ್ತುತ್ತದೆ, ಎತ್ತರದ ಗಾಡಿಯನ್ನು ಇಳಿಸುವುದಿಲ್ಲ. ತೂಕದ ಮಿತಿಯೂ ಹೆಚ್ಚುವುದಿಲ್ಲ. ಈಗಾಗಲೇ ಹಾಕಿದ್ದರೆ ಎಳೆಯುವಾಗಿನ ಗಾಳಿ ತುಂಬಿಯೇ ಅಳತೆ ತೆಗೆಯಿರಿ.

ಚೈನು, ವೈರು ಗಿಡ್ಡವಾದವು. ಏನು ಮಾಡುವುದು?

ಬಾಲ್ ಕೆಳಗಿಳಿದರೂ ಚೈನಿನ ಕೊಂಡಿ, ಕರೆಂಟ್ ಸಾಕೆಟ್ ಎರಡೂ ಮೇಲೆಯೇ ಉಳಿದಿವೆ. ಚೈನುಗಳನ್ನು ಕಪ್ಲರ್ ಅಡಿಯಲ್ಲಿ ಒಂದರ ಮೇಲೊಂದು ಅಡ್ಡ ಹಾಯಿಸಿ, ಪೂರ್ತಿ ತಿರುವಿನಲ್ಲೂ ಬಿಗಿಯದಷ್ಟು, ನೆಲಕ್ಕೆ ಉಜ್ಜದಷ್ಟು ಉದ್ದ ಇರಲಿ. ಜೋಡಿಸುವುದಾದರೆ ಅಷ್ಟೇ ಮಿತಿಯ ಕೊಂಡಿಯಿಂದ. ಟ್ರೈಲರ್ ಕಳಚಿಕೊಂಡಾಗ ಎಳೆದು ಅದರ ಬ್ರೇಕ್ ಹಾಕಿಸುವ ಬ್ರೇಕ್‌ಅವೇ ತಂತಿಯನ್ನು ಬಾಲ್ ಮೌಂಟಿಗೂ ಚೈನಿಗೂ ಕಟ್ಟಬೇಡಿ. ಮೌಂಟೇ ಕಳಚಿ ಬಂದರೆ ತಂತಿ ಎಳೆಯದೆ ಟ್ರೈಲರ್ ಬ್ರೇಕ್ ಬೀಳುವುದಿಲ್ಲ. ಅದು ಗಾಡಿಯ ಗಟ್ಟಿ ಭಾಗಕ್ಕೆ ಬೇರೆಯಾಗಿ ಇರಬೇಕು.

ಪಿಕಪ್ ತೊಟ್ಟಿಯಲ್ಲಿ ಕೂರುವ ಫಿಫ್ತ್ ವೀಲ್ ಟ್ರೈಲರ್ ಆದರೆ?

ಅಲ್ಲಿ ಡ್ರಾಪ್ ಮೌಂಟ್ ಎನ್ನುವುದೇ ಇಲ್ಲ. ತೊಟ್ಟಿಯ ಅಂಚಿಗೂ ಟ್ರೈಲರ್ ತಳಕ್ಕೂ ನಡುವೆ 6 ಇಂಚಾದರೂ ಜಾಗ ಇರಬೇಕು. ಆ ಜಾಗ ಬಿಟ್ಟು ಹಿಚ್ ಎಷ್ಟು ತಗ್ಗಿಸಿದರೂ ಮೂತಿ ಮೇಲೇ ಇದ್ದರೆ ಟ್ರೈಲರ್ ಎತ್ತರಿಸುವುದೊಂದೇ ದಾರಿ.

ಬಾಲ್ ಎತ್ತರಕ್ಕೆ ಕಾನೂನು ಇದೆಯೇ?

ಯುರೋಪಿನಲ್ಲಿ ಇದೆ: ಗಾಡಿ ಪೂರ್ತಿ ಹೊರೆಯಲ್ಲಿದ್ದಾಗ ಬಾಲ್‌ನ ಕೇಂದ್ರ ನೆಲದಿಂದ 350ರಿಂದ 420 ಮಿ.ಮೀ. ಒಳಗಿರಬೇಕು. ಆಫ್ ರೋಡ್ ವರ್ಗದಲ್ಲಿ ನೋಂದಾಯಿತ ಗಾಡಿಗಳಿಗೆ ವಿನಾಯಿತಿ ಇದೆ. ಲಿಫ್ಟ್ ಮಾಡಿದ ಮಾತ್ರಕ್ಕೆ ಗಾಡಿ ಆ ವರ್ಗಕ್ಕೆ ಸೇರಿಬಿಡುವುದಿಲ್ಲ, ನೋಂದಣಿ ಪತ್ರ ನೋಡಿ. ಹಾಗೆಯೇ ಗಾಡಿಯ ಎಳೆಯುವ ಮಿತಿ ಕಾರ್ಖಾನೆಯ ಎತ್ತರ, ಕಾರ್ಖಾನೆಯ ಟೈರ್‌ಗೆ ಹೇಳಿದ್ದು. 32ರ ಬದಲು 35 ಹಾಕಿದಾಗ ಗೇರ್ ಶೇಕಡಾ 9ರಷ್ಟು ಉದ್ದವಾದಂತೆ. ಏರಿನಲ್ಲಿ ಎಳೆತ ಕಡಿಮೆ, ಬ್ರೇಕಿನ ಹಿಡಿತವೂ ಕಡಿಮೆ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಳೆಯ ಮಿತಿಯ ಅಂಚಿಗೆ ಹೊರೆ ಹೇರಬೇಡಿ.

ಎಲ್ಲ ಹಾಕಿದ ಮೇಲೆ ಸರಿಯಾಗಿದೆಯೇ ಎಂದು ನೋಡುವುದು ಹೇಗೆ?

ಹೊರೆ ಹೇರಿ, ಸಿಕ್ಕಿಸಿ, ಜಾಕ್ ಪೂರ್ತಿ ಎತ್ತಿ, ಹತ್ತು ಮಾರು ಮುಂದೆ ಓಡಿಸಿ ನಿಲ್ಲಿಸಿ. ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರಲು ಅಷ್ಟು ಬೇಕು. ಈಗ ಟ್ರೈಲರ್ ಚೌಕಟ್ಟಿನ ಮುಂದೆ, ಹಿಂದೆ ಟೇಪು ಹಿಡಿಯಿರಿ. ಕಪ್ಲರ್‌ನ ಬೀಗ ನಂಬಲು ಒಂದೇ ಪರೀಕ್ಷೆ: ಬೀಗ ಹಾಕಿದ ಮೇಲೆ ಜಾಕ್‌ನಿಂದ ಮೂತಿಯನ್ನು ಒಂದೆರಡು ಇಂಚು ಮೇಲೆತ್ತಿ. ಗಾಡಿಯ ಹಿಂಬದಿಯೂ ಜೊತೆಗೆ ಏಳಬೇಕು. ಕಪ್ಲರ್ ಮಾತ್ರ ಎದ್ದರೆ ಬಾಲ್ ಒಳಗೆ ಕೂತಿಲ್ಲ.

ಮೊದಲ ಪ್ರಯಾಣದಲ್ಲಿ ಅರ್ಧ ಗಂಟೆಗೆ ನಿಲ್ಲಿಸಿ ಬಾಲ್‌ನ ನಟ್, ಮೌಂಟ್‌ನ ಪಿನ್, ಕ್ಲಿಪ್ ಮುಟ್ಟಿ ನೋಡಿ. ಎರಡು ಆಕ್ಸಲ್ ಇದ್ದರೆ ಒಂದೇ ಬದಿಯ ಎರಡೂ ಟೈರ್ ಮೇಲೆ ಕೈಯಿಡಿ. ಮುಂದಿನದು ಹಿಂದಿನದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ ಮೂತಿ ಇನ್ನೂ ತಗ್ಗಿದೆ, ತಲೆಯನ್ನು ಒಂದು ತೂತು ಮೇಲೆ ಏರಿಸಿ. ಹಿಂದಿನದು ಬಿಸಿಯಿದ್ದರೆ ಒಂದು ತೂತು ಇಳಿಸಿ. ಬ್ರೇಕ್ ಕಚ್ಚಿಕೊಂಡಿದ್ದರೂ ಟೈರ್ ಬಿಸಿಯಾಗುತ್ತದೆ, ಹಾಗಾಗಿ ಹಬ್‌ಗಳನ್ನೂ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಸುಡುತ್ತಿರಬಹುದು, ಮೊದಲು ಹಿಂಗೈಯನ್ನು ಹತ್ತಿರ ತಂದು ನೋಡಿ.

ಟ್ರೈಲರ್ ಇಳಿಸಿದ ದಿನವೇ ಮೌಂಟನ್ನೂ ತೆಗೆದಿಡಿ. 10 ಇಂಚು ಕೆಳಗೆ ತೂಗುವ ಉಕ್ಕಿನ ತುಂಡು, ಲಿಫ್ಟ್‌ನಿಂದ ಗಳಿಸಿದ ಹಿಂಬದಿಯ ಎತ್ತರವನ್ನೆಲ್ಲ ತಿಂದುಹಾಕುತ್ತದೆ. ಹಳ್ಳದಿಂದ ಮೇಲೇರುವಾಗ ಮೊದಲು ನೆಲಕ್ಕೆ ಬಡಿಯುವುದು ಅದೇ, ಬಡಿದ ಏಟು ಹೋಗುವುದು ರಿಸೀವರ್‌ನ ಬೆಸುಗೆಗೆ.